ಕೊನೆಯ ನಿಲ್ದಾಣದ ಹುಲ್ಲಪ್ಪನವರು ಒಮ್ಮೆಯಾದರೂ ಮಲಗಬೇಕೆಂದು ಕೋರಿ

ಶ್ರೀಮಾನ್ ಹುಲ್ಲಪ್ಪನವರಿಗೆ,
ಕೊನೆಯ ನಿಲ್ದಾಣ, ನೀರಿನ ತೊಟ್ಟಿಯ ಪಕ್ಕ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ಪತ್ರದ ಕ್ರಮ. ಆದರೆ ನಂಬುವ ಅಗತ್ಯವೇ ಬೀಳದಂತೆ ತಾವು ನಿಂತಲ್ಲೇ ನಿಂತಿದ್ದೀರಿ, ನಿನ್ನೆ ಇದ್ದಂತೆಯೇ ಇಂದೂ ಇದ್ದೀರಿ, ಮೈಯಲ್ಲಿ ಒಂದು ಎಳೆ ಕೂಡ ಕಡಿಮೆಯಾಗಿಲ್ಲ. ಆದ್ದರಿಂದ ತಮ್ಮ ಕ್ಷೇಮವನ್ನು ವಿಚಾರಿಸುವ ಬದಲು ಅದನ್ನು ಅಭಿನಂದಿಸಿ ಮುಂದುವರಿಯುತ್ತೇನೆ. ನಾನು ಕ್ಷೇಮವೇ ಎಂದು ತಾವು ಎಂದೂ ಕೇಳಿಲ್ಲ. ಕೇಳುವ ಸ್ವಭಾವ ತಮ್ಮದಲ್ಲವೆಂದು ಬಲ್ಲೆನಾದ್ದರಿಂದ ಅದನ್ನು ಈ ದೂರಿನಲ್ಲಿ ಸೇರಿಸಿಲ್ಲ.

ಈ ಪತ್ರವನ್ನು ತಮ್ಮ ಬೆನ್ನ ಹಿಂದಿರುವ ನಿಲ್ದಾಣದ ಗೋಡೆಗೆ ಅಂಟಿಸಿದ್ದೇನೆ. ಬಹಿರಂಗ ಪತ್ರವೊಂದನ್ನು ಜನರೇ ಓಡಾಡದ ಜಾಗದಲ್ಲಿ, ಅದೂ ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ಅಂಟಿಸುವುದು ವಾಡಿಕೆಯಲ್ಲ. ಓದಲು ಬಾರದ ತಮಗೆ ಅಕ್ಷರ ದಪ್ಪವಾದರೇನು, ಸಣ್ಣದಾದರೇನು ಎಂಬುದೂ ನ್ಯಾಯವಾದ ಪ್ರಶ್ನೆಯೇ. ಎರಡಕ್ಕೂ ಕಾರಣವಿದೆ, ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಯಾರೆಂಬುದು ತಮಗೆ ಗೊತ್ತಿರಲಾರದು. ಆಟಿಕೆ ರೈಲು ಕಟ್ಟುವ ಹವ್ಯಾಸಿಗಳ ಬಳಗವೊಂದು ಇಂಟರ್ನೆಟ್ಟಿನಲ್ಲಿದೆ. ಒಬ್ಬೊಬ್ಬರ ಮನೆಯ ಮೇಜಿನ ಮೇಲೂ ಹಳಿ ಹಾಕಲು ಜಾಗ ಸಾಲದೆ ಹೋದಾಗ ನಾವೆಲ್ಲರೂ ಸೇರಿ ಕಂಪ್ಯೂಟರಿನ ಆಟವೊಂದರೊಳಗೆ ಒಂದು ದೇಶವನ್ನೇ ಮಾಡಿಕೊಂಡು, ಅದರ ಬೆಟ್ಟದ ತುದಿಯಿಂದ ಕಡಲ ತಡಿಯವರೆಗೆ ಕೂಡಿ ರೈಲುದಾರಿ ಕಟ್ಟಲು ಹೊರಟೆವು. ಇಲ್ಲಿ ಯಾರೂ ಯಾರನ್ನೂ ಸೋಲಿಸುವಂತಿಲ್ಲ, ಎಲ್ಲರೂ ಎಲ್ಲರಿಗೂ ನೆರವಾಗಬೇಕು. ಆ ಇಡೀ ದೇಶ ಇರುವುದು ನನ್ನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ತಿಕ್ಕುವ ಯಂತ್ರದ ಮೇಜಿನ ಕೆಳಗೆ, ಒಂದು ಹಳೆಯ ಕಂಪ್ಯೂಟರಿನೊಳಗೆ. ಅದನ್ನೇ ಸರ್ವರ್ ಎನ್ನುತ್ತೇವೆ. ಅದನ್ನು ನಡೆಸುವ ನನ್ನನ್ನು ಬಳಗದವರು ಸರ್ವರಕ್ಕ ಎನ್ನುತ್ತಾರೆ, ಬೈಯುವಾಗ ಅಕ್ಕ ಬಿಟ್ಟು ಉಳಿದದ್ದನ್ನು ಅನ್ನುತ್ತಾರೆ.

ಸರ್ವರ್ ನಡೆಸುವುದೆಂದರೆ ಏನೆಂದು ತಮ್ಮಂಥ ನೆಮ್ಮದಿಯ ಜೀವಿಗೆ ವಿವರಿಸುವುದು ಕಷ್ಟ. ಅಂಗಡಿಯ ಬಾಗಿಲು ತೆಗೆಯುವ ಮೊದಲು ಅದರ ಫ್ಯಾನಿಗೆ ಮೆತ್ತಿಕೊಂಡ ಗಾಜಿನ ಪುಡಿ ಒರೆಸಬೇಕು. ಹಿಂದಿನ ದಿನ ದೇಶ ಹೇಗಿತ್ತೋ ಹಾಗೇ ಅದರದೊಂದು ನಕಲು ತೆಗೆದಿಡಬೇಕು, ಏಕೆಂದರೆ ಯಾರು ಯಾವಾಗ ಎರಡು ಎಂಜಿನ್‌ಗಳನ್ನು ಒಂದೇ ಸೇತುವೆಗೆ ಹತ್ತಿಸಿ ನನ್ನ ಮುಖ ನೋಡುತ್ತಾರೋ ಹೇಳಲಾಗದು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿರುವಾಗಲೇ ಫೋನು ಗುಂಯ್ ಎಂದು 'ಸರ್ವರ್ ಬಿದ್ದಿದೆ' ಎನ್ನುತ್ತದೆ; ಅದು ಬಿದ್ದಿರುವುದಿಲ್ಲ, ಹೇಳಿದವರ ಮನೆಯ ಇಂಟರ್ನೆಟ್ ಬಿದ್ದಿರುತ್ತದೆ, ಆದರೂ ಕ್ಷಮಿಸಿ ಎನ್ನಬೇಕಾದವಳು ನಾನೇ. ಎಲ್ಲವೂ ಸರಿಯಾಗಿ ನಡೆದ ದಿನ 'ಇವತ್ತು ಚೆನ್ನಾಗಿ ನಡೀತು ಕಣಕ್ಕ' ಎಂದು ಒಂದು ಫೋನು ಬಂದದ್ದಿಲ್ಲ. ಬರಲೆಂದು ನಾನೇನೂ ಕಾಯುತ್ತಾ ಕೂತಿಲ್ಲ. ಆದರೂ ಒಮ್ಮೆ ಬಂದಿದ್ದರೆ ಫೋನೇನೂ ಸವೆದುಹೋಗುತ್ತಿರಲಿಲ್ಲ.

ಈಗ ತಮ್ಮ ಹುಟ್ಟಿನ ವಿಷಯಕ್ಕೆ ಬರುತ್ತೇನೆ. ಈ ಆಟಕ್ಕೊಂದು ವಿಚಿತ್ರ ಗುಣವಿದೆ: ಆಟಗಾರರು ಯಾರೂ ಇಲ್ಲದ ಕಡೆ ಅದರಲ್ಲಿ ಕಾಲವೇ ನಿಂತುಬಿಡುತ್ತದೆ. ರೈಲು ಹೊರಟಲ್ಲೇ ನಿಲ್ಲುತ್ತದೆ, ತೊಟ್ಟಿಗೆ ಬೀಳುವ ನೀರು ನಡುಗಾಳಿಯಲ್ಲೇ ನಿಲ್ಲುತ್ತದೆ. ಕೊನೆಯ ನಿಲ್ದಾಣ ಉಳಿದೆಲ್ಲ ಕಡೆಯಿಂದ ದೂರ, ಅಲ್ಲಿ ಯಾರೂ ಇರುತ್ತಿರಲಿಲ್ಲ, ಆ ಕಡೆಗೆ ಹೋದ ಸಾಮಾನಿನ ಗಾಡಿಗಳೆಲ್ಲಾ ಅರ್ಧ ದಾರಿಯಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿದ್ದವು. ಅದಕ್ಕೇ ನಾನು ಒಂದು ಖಾಲಿ ಆಟಗಾರನನ್ನು ಮಾಡಿ, ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ ಅಲ್ಲಿ ನಿಲ್ಲಿಸಿ, ಹುಲ್ಲಪ್ಪ ಎಂದು ಹೆಸರಿಟ್ಟು, ಗಿರಾಕಿ ಬಂದರೆಂದು ಎದ್ದು ಹೋದೆ. ಹೌದು, ತಾವು ಬರೀ ಬೊಂಬೆ. ಈ ಸತ್ಯವನ್ನು ಇಷ್ಟು ಒರಟಾಗಿ ಮುಖಕ್ಕೆ ಹೇಳಬೇಕಾಗಿ ಬಂದದ್ದಕ್ಕೆ ವಿಷಾದವಿದೆ.

ಅಂದೇ ಬಳಗದವರಿಗೂ ಹೇಳಬೇಕಿತ್ತು. ಆದರೆ ನಾನು ಗಿರಾಕಿಯನ್ನು ಕಳಿಸಿ ಬರುವಷ್ಟರಲ್ಲಿ ಅವರು ತಮ್ಮನ್ನು ಹೊಸ ಸದಸ್ಯರೆಂದುಕೊಂಡು ಸ್ವಾಗತಿಸಿ ಮುಗಿಸಿದ್ದರು. ಬೋಗಿ, ಗಾಲಿ, ಹೊಗೆಗೊಳವೆ ಎಂಬ ಹೆಸರಿನವರೇ ತುಂಬಿರುವ ಕಡೆ ಹುಲ್ಲಪ್ಪ ಎಂಬ ಹೆಸರು ಯಾರಿಗೂ ವಿಶೇಷವೆನಿಸಲಿಲ್ಲ. ಹಿಟ್ಟನ್ನು ಉಬ್ಬಲು ಬಿಟ್ಟು, ಅದು ಉಬ್ಬುವವರೆಗೆ ಆಟಕ್ಕೆ ಬಂದು ಹೋಗುವ ಬೇಕರಿಯವರು ತಮಗೊಂದು ನೀಲಿ ಟೋಪಿ ಉಡುಗೊರೆ ಕೊಟ್ಟು, 'ಹೊಸಬರು, ಸಂಕೋಚ ಜಾಸ್ತಿ, ತಾವಾಗಿ ಮಾತಾಡೋವರೆಗೆ ಯಾರೂ ಬಲವಂತ ಮಾಡಬೇಡಿ' ಎಂದು ಎಲ್ಲರಿಗೂ ಎಚ್ಚರಿಕೆ ಹೇಳಿಬಿಟ್ಟಿದ್ದರು. ಅಷ್ಟು ಒಳ್ಳೆಯತನ ಕಂಡ ಮೇಲೆ ಬಾಯಿ ಬಿಡುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ ನಾಳೆಗಳು ಬಂದವು, ಹೋದವು.

ಅಲ್ಲಿಂದ ಮುಂದೆ ತಾವು ಕಂಡ ಏಳಿಗೆಯನ್ನು ಏನೆಂದು ಬಣ್ಣಿಸಲಿ? ವರ್ಷದ ಕೊನೆಯಲ್ಲಿ ಬಳಗದ ಉತ್ತಮ ಸದಸ್ಯರ ಆಯ್ಕೆಯಾದಾಗ, ಒಂದು ದಿನವೂ ತಪ್ಪದೆ ಹಾಜರಿದ್ದವರು, ಯಾರ ಮೇಲೂ ರೇಗದವರು, ತಮ್ಮ ಪಾಲಿನ ಕಬ್ಬಿಣ ಕೇಳದವರು ಎಂದು ತಮ್ಮನ್ನೇ ಆರಿಸಿದರು. ಇದನ್ನೆಲ್ಲಾ ನಡೆಸಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳ ಹೆಸರನ್ನು ಯಾರೋ ಒಬ್ಬರು ಸೂಚಿಸಿದರಂತೆ, ಆ ಒಬ್ಬರು ನಾನೇ. ನನಗೆ ಹೊಟ್ಟೆಕಿಚ್ಚಿಲ್ಲ. ಜಗಳವಿಲ್ಲದೆ ಬದುಕುವುದು ಹೇಗೆಂದು ಜನ ತಮ್ಮಿಂದ ಕಲಿಯಲಿ ಎಂದೇ ಹಾರೈಸುತ್ತೇನೆ, ಅದಕ್ಕೆ ಒಳಗೆಲ್ಲಾ ಹುಲ್ಲಿರಬೇಕೆಂಬ ಷರತ್ತೊಂದನ್ನು ಬಿಟ್ಟರೆ.

ಆದರೆ ಮಾನ್ಯರೇ, ತಮ್ಮ ಮೇಲೆ ಸದಸ್ಯರಿಂದ ದೂರುಗಳು ಬಂದಿವೆ. ಆಟದೊಳಗೆ ಕತ್ತಲಾದಾಗ ಹಳಿ ಹಾಕಲಾಗದು. ಎಲ್ಲರೂ ಹಾಸಿಗೆಗೆ ಹೋಗಿ ಮಲಗಿದರೆ ಥಟ್ಟನೆ ಬೆಳಗಾಗುತ್ತದೆ. ಒಬ್ಬರು ಎದ್ದು ನಿಂತಿದ್ದರೂ ಇಡೀ ರಾತ್ರಿಯನ್ನು ಎಲ್ಲರೂ ಸುಮ್ಮನೆ ಕಳೆಯಬೇಕು. ಇದು ಆಟ ಮಾಡಿದವರೇ ಇಟ್ಟ ನಿಯಮ, ನನ್ನ ಕೈಯಲ್ಲಿಲ್ಲ. ತಾವು ಬಂದಂದಿನಿಂದ ಒಮ್ಮೆಯೂ ಮಲಗಿಲ್ಲ. ಬೇಕರಿಯವರು ಈಚೆಗೆ ನೊಂದು, 'ನಾನು ಬಂದಾಗೆಲ್ಲಾ ಇಲ್ಲಿ ಕತ್ತಲು, ಇನ್ನೇನು ಬೆಳಕಾಯ್ತು ಅನ್ನೋ ಹೊತ್ತಿಗೆ ಅಲ್ಲಿ ನನ್ನ ಹಿಟ್ಟು ಉಬ್ಬಿರತ್ತೆ. ಒಳ್ಳೆಯವರೇನೋ ಸರಿ, ಸ್ವಲ್ಪ ಮಲಗಬಾರದಾ ಆ ಮನುಷ್ಯ' ಎಂದು ಕೇಳಿದರು. ಟೋಪಿ ಕೊಟ್ಟ ಕೈಯೇ ಹೀಗೆ ಕೇಳಬೇಕಾಯಿತು.

ಇನ್ನು ಮತದಾನದ ಮಾತು. ಬಳಗದ ನಿಯಮಗಳನ್ನು ಬರೆದವರು ಯಾವುದೋ ಕಚೇರಿಯ ಗುಮಾಸ್ತರು. ಮಾತೆತ್ತಿದರೆ ಇಂಥ ಕಲಂ, ಅಂಥ ಕಲಂ ಎನ್ನುವುದರಿಂದ ಅವರ ಹೆಸರೇ ಕಲಂ ಎಂದಾಗಿದೆ. ಹಾಜರಿದ್ದವರೆಲ್ಲಾ ಹೂಂ ಎಂದರೆ ಮಾತ್ರ ತೀರ್ಮಾನ, ಸುಮ್ಮನಿದ್ದರೆ ಒಪ್ಪಿಗೆಯಲ್ಲ ಎಂದು ಅವರು ಬರೆದಿದ್ದಾರೆ. ತಾವು ಸದಾ ಹಾಜರು, ಸದಾ ಸುಮ್ಮನೆ. ಹೀಗಾಗಿ, ಹೆಚ್ಚು ಮತ ಬಂದವರೇ ಗೆಲ್ಲುವ ಆ ಉತ್ತಮ ಸದಸ್ಯರ ಆಯ್ಕೆಯೊಂದನ್ನು ಬಿಟ್ಟರೆ, ತಾವು ಬಂದಮೇಲೆ ಬಳಗದಲ್ಲಿ ಒಂದೇ ಒಂದು ತೀರ್ಮಾನವೂ ಆಗಿಲ್ಲ. ಯಾವ ಬಣ್ಣವೆಂದು ತೀರ್ಮಾನವಾಗದೆ ಮೂರನೆಯ ನಿಲ್ದಾಣದ ಛಾವಣಿ ಅರ್ಧ ಕೆಂಪಾಗಿ, ಅರ್ಧ ಹಸಿರಾಗಿ ನಿಂತಿದೆ. ರೋಸಿಹೋದ ಕಲಂ ಅವರು ತಮ್ಮನ್ನು ಬಳಗದಿಂದ ತೆಗೆಯಬೇಕೆಂದು ನಿರ್ಣಯ ತಂದರು. ಅದಕ್ಕೂ ಎಲ್ಲರ ಹೂಂ ಬೇಕು, ತಮ್ಮದೂ ಸೇರಿ. ಕಲಂ ಅವರು ಆ ನಿಯಮವನ್ನು ಮತ್ತೆ ಮತ್ತೆ ಓದಿ, ಕೊನೆಗೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ ಸದ್ದು ನನಗೆ ಮೈಕಿನಲ್ಲಿ ಕೇಳಿಸಿತು. ಆ ಕನ್ನಡಕವನ್ನು ನಾನೇ ಮಾಡಿಕೊಟ್ಟದ್ದು, ಅದರಲ್ಲಿ ದೋಷವಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ದೂರೆಂದರೆ ಹಳಿ. ಕೊನೆಯ ನಿಲ್ದಾಣದಿಂದ ಕಡಲಿಗೆ ಇರುವುದು ಬಯಲು, ಅಲ್ಲಿ ಹಳಿ ದಾರ ಹಿಡಿದಂತೆ ನೆಟ್ಟಗೆ ಹೋಗಬೇಕು. ಹೋಗುತ್ತಲೂ ಇತ್ತು. ಈಚೆಗೆ ಅದು ನಡುನಡುವೆ ಬಳುಕಲು ಶುರುವಾಯಿತು. ಯಾರೋ ನೆಟ್ಟಗಿದ್ದ ಹಳಿಯನ್ನು ಕಿತ್ತು ಸೊಟ್ಟಗೆ ಹಾಕುತ್ತಿದ್ದರು, ಗಾಡಿಗಳು ಮಗುಚಿ ಬೀಳುತ್ತಿದ್ದವು. ಆ ಕಡೆ ಸದಾ ಇರುವವರು ತಾವೊಬ್ಬರೇ. 'ಮಾತಾಡಲ್ಲ, ಮಲಗಲ್ಲ, ಮತ ಹಾಕಲ್ಲ, ಈಗ ಹಳಿ ಬೇರೆ ಕೀಳ್ತಾನೆ' ಎಂದು ಕಲಂ ಅವರು ತಮ್ಮ ಹೆಸರಿನ ಮುಂದೆ ಇದ್ದ 'ಶ್ರೀ'ಯನ್ನೂ ಬಿಟ್ಟು ಮಾತಾಡಿದರು.

ಆಗ ತಮ್ಮ ಪರವಾಗಿ ನಿಂತವರು ಒಬ್ಬರೇ. ಕತ್ತರಿ ಎಂಬ ಹೆಸರಿನ ಹಿರಿಯ ಸದಸ್ಯೆ. ಕಡಲ ಕಡೆಯ ಹಳಿ ಹಾಕುವ ಕೆಲಸ ಅವರದೇ, ನಿತ್ಯ ಅಲ್ಲಿಗೆ ಬರುವವರೂ ಅವರೊಬ್ಬರೇ. 'ಪಾಪ, ಆ ಮನುಷ್ಯನ ಮೇಲೆ ಯಾಕೆ ಹಾಕ್ತೀರಿ? ಅವರಷ್ಟು ಒಳ್ಳೆಯವರು ನಿಮ್ಮಲ್ಲಿ ಯಾರಿದ್ದೀರಿ?' ಎಂದು ಅವರು ಕೇಳಿದ ದನಿಗೆ ಕಲಂ ಅವರು ಬಿಟ್ಟಿದ್ದ 'ಶ್ರೀ'ಯನ್ನು ಮತ್ತೆ ಸೇರಿಸಿದರು. ಈ ಕತ್ತರಿ ಎಂಬುವರು ನನ್ನ ಅಮ್ಮ. ಬಳಗದಲ್ಲಿ ಇದು ಯಾರಿಗೂ ಗೊತ್ತಿಲ್ಲ, ಸೇರುವ ದಿನವೇ ಅವರು ನನಗೆ ಷರತ್ತು ಹಾಕಿದ್ದರು: 'ನಿನ್ನ ಅಮ್ಮ ಅಂತ ಹೇಳಿಬಿಟ್ರೆ ಬರೀ ನಮಸ್ಕಾರ ಹಾಕ್ತಾರೆ, ಕೆಲಸ ಕೊಡಲ್ಲ.' ಅವರು ದರ್ಜಿ. ನನ್ನ ಅಂಗಡಿಯ ಮೂಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕನ್ನಡಕದ ಚೀಲಗಳನ್ನು ಹೊಲಿಯುತ್ತಿದ್ದರು. ಸೀಮೆಸುಣ್ಣದ ಗೆರೆ ಇಲ್ಲದೆ ಬಟ್ಟೆಯನ್ನು ನೆಟ್ಟಗೆ ಕತ್ತರಿಸಬಲ್ಲವರು. ಒಮ್ಮೆ ಸೂಜಿ ಅವರ ಬೆರಳಿಗೆ ಹೊಕ್ಕಿತು. ನಾನು ಅಂದೇ ಯಂತ್ರವನ್ನು ಎತ್ತಿಸಿ ಅಟ್ಟಕ್ಕೆ ಹಾಕಿಸಿದೆ. ಆಮೇಲೆ ಅವರು ಅಂಗಡಿಯ ಮೇಲಿನ ನಮ್ಮ ಮನೆಯಲ್ಲಿ, ಒಲೆಯ ಮೇಲೆ ಹಾಲಿಟ್ಟು ಬಂದು, ಊಟದ ಮೇಜಿನ ಮೇಲಿನ ಕಂಪ್ಯೂಟರಿನ ಮುಂದೆ ಕೂತು ಹಳಿ ಹಾಕಲು ಕಲಿತರು.

ಈಗ ನನ್ನ ಸ್ವಂತ ದೂರು. ತಮ್ಮ ಕಿವಿ ಎಂಬುದು ನನ್ನ ಸರ್ವರ್ ಯಂತ್ರವೇ ಆದ್ದರಿಂದ, ತಮ್ಮ ಪಕ್ಕ ನಿಂತು ಯಾರಾದರೂ ಮೈಕಿನಲ್ಲಿ ಮಾತಾಡಿದರೆ ಅದು ನನ್ನ ಹಿಂದಿನ ಕೋಣೆಯ ಪುಟ್ಟ ಸ್ಪೀಕರಿನಲ್ಲಿ ಕೇಳಿಸುತ್ತದೆ. ನಾನು ಅದನ್ನು ಸರ್ವರ್ ಬಿದ್ದರೆ ಕೂಗಲಿ ಎಂದು ಈಚೆಗೆ ಜೋಡಿಸಿದ್ದು, ಕದ್ದು ಕೇಳಲಲ್ಲ. ಒಂದು ಮಧ್ಯಾಹ್ನ ಯಾರದೋ ಗಾಜಿನ ಅಂಚು ತಿಕ್ಕುತ್ತಿದ್ದೆ, ಮೇಜಿನ ಕೆಳಗಿನಿಂದ ನನ್ನ ಅಮ್ಮನ ದನಿ ಬಂತು. ನಾನು ಬಗ್ಗಿ ನೋಡಿದೆ. ಅಲ್ಲಿ ಯಂತ್ರ, ಧೂಳು, ತಂತಿ ಬಿಟ್ಟರೆ ಯಾರೂ ಇರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ. ಆದರೂ ಬಗ್ಗಿದೆ.

ಅವರು ತಮಗೆ ಹೇಳುತ್ತಿದ್ದರು: 'ನೋಡಿ ಹುಲ್ಲಪ್ಪನೋರೇ, ನೀವು ಯಾರಿಗೂ ಹೇಳಲ್ಲ ಅಂತ ಹೇಳ್ತಿದೀನಿ. ನಾನು ನೆಟ್ಟಗೇ ಹಾಕ್ತೀನಿ, ಕಣ್ಣೆತ್ತಿ ನೋಡಿದ್ರೆ ಹಳಿ ನಡುವೆ ಬಗ್ಗಿರತ್ತೆ. ಕಿತ್ತು ಮತ್ತೆ ಹಾಕ್ತೀನಿ, ಮತ್ತೆ ಬಗ್ಗತ್ತೆ. ಬಾಗಿಲ ಚೌಕಟ್ಟೂ ಹಂಗೇ ಕಾಣತ್ತೆ. ನಿಮ್ಮ ಮುಖ ನೋಡಿದ್ರೆ ಟೋಪಿ ಕಾಣತ್ತೆ, ಮುಖ ಇರೋ ಕಡೆ ಮಸುಕು.' ತಮಗೆ ಮುಖವೇ ಇಲ್ಲ, ಅದು ಬೇರೆ ಮಾತು. ನೆಟ್ಟಗಿರುವ ಗೆರೆ ನಡುವೆ ಬಳುಕಿ ಕಂಡರೆ ಅದು ಕನ್ನಡಕದಿಂದ ಹೋಗುವುದಲ್ಲ, ಕಣ್ಣಿನ ಒಳಪರದೆಯ ತೊಂದರೆ, ಬೇಗ ತೋರಿಸಿದರೆ ಇರುವಷ್ಟನ್ನು ಉಳಿಸಬಹುದು, ತಡಮಾಡಿದರೆ ಹೋದದ್ದು ಬರುವುದಿಲ್ಲ ಎಂದು ಅಂಗಡಿಗೆ ಬಂದ ಎಷ್ಟೋ ಮುದುಕರಿಗೆ ನಾನೇ ಹೇಳಿ ಆಸ್ಪತ್ರೆಗೆ ಕಳಿಸಿದ್ದೇನೆ.

ತಮಾಷೆಯೆಂದರೆ, ಹಳಿ ಬಳುಕುತ್ತಿದೆ ಎಂದು ದೂರು ಬಂದಾಗಿನಿಂದ ಅದನ್ನು ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ನೆಟ್ಟಗೆ ಮಾಡಿಡುತ್ತಿದ್ದವಳು ನಾನು. ಮಧ್ಯಾಹ್ನ ಅವರು ಬಂದು ನೋಡಿ, ಅಯ್ಯೋ ಮತ್ತೆ ಬಗ್ಗಿದೆಯಲ್ಲ ಎಂದು ಕಿತ್ತು ಅವರ ಕಣ್ಣಿಗೆ ನೆಟ್ಟಗೆ ಕಾಣುವಂತೆ ಹಾಕುತ್ತಿದ್ದರು. ಮೇಲಿನ ಮನೆಯಲ್ಲಿ ಅಮ್ಮ, ಕೆಳಗಿನ ಅಂಗಡಿಯಲ್ಲಿ ಮಗಳು, ನಡುವೆ ಒಂದು ಮೆಟ್ಟಿಲಸಾಲು, ಇಬ್ಬರೂ ಒಂದೇ ಹಳಿಯನ್ನು ಸರಿಮಾಡುತ್ತಾ ಇದ್ದೆವು. ಅದನ್ನೆಲ್ಲಾ ನೋಡುತ್ತಾ ನಿಂತಿದ್ದೂ ತಾವು ತುಟಿಪಿಟಕ್ಕೆನ್ನಲಿಲ್ಲ.

ನನಗೇಕೆ ಗೊತ್ತಾಗಲಿಲ್ಲವೆಂದು ತಾವು ಕೇಳಬಹುದು. ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆರು ತಿಂಗಳಿಗೊಮ್ಮೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರದ ಪಟ ಓದಿಸುತ್ತೇನೆ. ಈ ಸಲವೂ ಮೇಲಿನಿಂದ ಕೆಳಗಿನವರೆಗೆ ಒಂದೂ ತಪ್ಪದೆ ಓದಿದರು. ಅದೇ ಮೂಲೆಯಲ್ಲಿ ಕೂತು ಹೊಲಿಯುತ್ತಾ, ಬಂದ ಗಿರಾಕಿಗಳೆಲ್ಲಾ ಆ ಪಟವನ್ನು ಗಟ್ಟಿಯಾಗಿ ಓದುವುದನ್ನು ಅಷ್ಟು ವರ್ಷ ಕೇಳಿದವರಿಗೆ ಅದು ಬಾಯಿಪಾಠವಾಗಿರುತ್ತದೆ ಎಂಬುದು ಊರಿಗೆಲ್ಲಾ ಕಣ್ಣು ನೋಡುವ ನನಗೆ ಹೊಳೆಯಲಿಲ್ಲ.

ಮಗಳಿಗೇಕೆ ಹೇಳಲಿಲ್ಲ ಎಂಬುದನ್ನೂ ಅವರು ತಮಗೇ ಹೇಳಿದರು: 'ಅವಳಿಗೆ ಗೊತ್ತಾದ್ರೆ ಮುಗೀತು. ಸೂಜಿ ಚುಚ್ಚಿದ್ದಕ್ಕೆ ಯಂತ್ರಾನೇ ಅಟ್ಟಕ್ಕೆ ಹಾಕಿದಳು. ಇದು ಗೊತ್ತಾದ್ರೆ ಹಳೀನೂ ಕಿತ್ಕೊಂಡು, ಸುಮ್ನೆ ಕೂತ್ಕೊಳ್ಳಮ್ಮ ಅಂತಾಳೆ. ಒಳ್ಳೆಯವಳೇ, ಆದ್ರೆ ಪ್ರೀತಿ ಬಂದ್ರೆ ಕೈಲಿರೋದನ್ನೆಲ್ಲಾ ಕಿತ್ಕೊಳ್ಳೋ ಜಾತಿ.' ಮಾನ್ಯರೇ, ನಾನು ತಮ್ಮ ಹಾಗೆ ಹುಲ್ಲಿನವಳಲ್ಲ. ಆ ಮಾತು ನನಗೆ ತಾಗಿತು. ಹತ್ತಿ ಹೋಗಿ 'ಎಲ್ಲಾ ಕೇಳಿಸಿಕೊಂಡೆ' ಎಂದುಬಿಟ್ಟರೆ, ಅವರು ನಂಬಿ ಮಾತಾಡುತ್ತಿದ್ದ ಒಂದೇ ಜಾಗವೂ ನನ್ನದೇ ಅಂಗಡಿಯ ಒಂದು ಮೂಲೆ ಎಂದು ಹೇಳಿದಂತಾಗುತ್ತಿತ್ತು. ಆಮೇಲೆ ಅವರು ಯಾರ ಹತ್ತಿರ ಬಾಯಿ ಬಿಡುತ್ತಿದ್ದರು?

ಅದಕ್ಕೇ ತಮಗೆ ಮಾತು ಬರಿಸಿದೆ. ಮಾರನೆಯ ಮಧ್ಯಾಹ್ನ ಅವರು ಬಂದಾಗ, ಗಾಜು ಒರೆಸುವ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು, ದಪ್ಪ ಗಂಟಲು ಮಾಡಿಕೊಂಡು, ತಮ್ಮ ಪರವಾಗಿ ಮೈಕಿನಲ್ಲಿ 'ಕಣ್ಣು ತೋರಿಸಿ' ಎಂದೆ. ಆಮೇಲೆ ಅಮ್ಮ, 'ನಿಮಗೆ ಮಾತು ಬರತ್ತಾ? ಮೊದಲೇ ಹೇಳಬಾರದಾ, ನನ್ನ ಮಗಳ ಬಗ್ಗೆ ಏನೇನೋ ಅಂದುಬಿಟ್ಟೆ' ಎಂದರು. ಮತ್ತೆ, 'ಗಂಟಲು ಕಟ್ಟಿದೆ ನಿಮಗೆ, ಬಿಸಿನೀರು ಕುಡೀರಿ' ಎಂದರು. ಕೊನೆಗೆ, 'ಆಯ್ತು, ನೀವು ಹೇಳಿದ್ರಲ್ಲ, ತೋರಿಸ್ತೀನಿ' ಎಂದರು. ನಾನು ಇಷ್ಟು ವರ್ಷ ಬಿಸಿಲಿಗೆ ಹೋಗಬೇಡ, ಸೊಪ್ಪು ತಿನ್ನು, ಮಬ್ಬು ಬೆಳಕಲ್ಲಿ ಹೊಲಿಯಬೇಡ ಎಂದದ್ದೆಲ್ಲಾ ಗೋಡೆಗೆ ಹೇಳಿದ ಹಾಗಾಗಿತ್ತು. ತಾವು ಜೀವಮಾನದಲ್ಲಿ ಆಡಿದ ಎರಡೇ ಪದಕ್ಕೆ ಅವರು ಒಪ್ಪಿಕೊಂಡರು. ತಮ್ಮ ಪ್ರಭಾವಕ್ಕೆ ಕೈಮುಗಿದೆ.

ಮರುದಿನ ಅಂಗಡಿಯ ಕುರ್ಚಿ ಒರೆಸಿಟ್ಟು, ಕಣ್ಣಿನ ದೀಪಕ್ಕೆ ಹೊಸ ಬಲ್ಬು ಹಾಕಿ, ಏನೂ ಗೊತ್ತಿಲ್ಲದವಳ ಹಾಗೆ ಕಾದೆ. ಅಮ್ಮ ಒಳ್ಳೆಯ ಸೀರೆ ಉಟ್ಟು ಮೆಟ್ಟಿಲಿಳಿದು ಬಂದರು, 'ಸ್ವಲ್ಪ ಕೆಲಸ ಇದೆ' ಎಂದರು, ರಸ್ತೆ ದಾಟಿದರು, ನೇರವಾಗಿ ಎದುರಿನ ಕನ್ನಡಕದ ಅಂಗಡಿಗೆ ಹೋದರು. ಆ ಅಂಗಡಿಯವನಿಗೂ ನನಗೂ ಬೋರ್ಡಿನ ಜಗಳದಿಂದ ವರ್ಷಗಳಿಂದ ಮಾತಿಲ್ಲ. ಅವನ ಬೋರ್ಡಿನ ಮೇಲಿನ ಕಣ್ಣು ನನ್ನ ಬಾಗಿಲನ್ನೇ ದುರುಗುಟ್ಟಿ ನೋಡುತ್ತದೆ. ನನ್ನ ಅಮ್ಮ ಅವನ ಕುರ್ಚಿಯಲ್ಲಿ ಕೂತು, ತಲೆಯನ್ನು ಅವನಿಗೆ ಒಪ್ಪಿಸಿದ್ದನ್ನು ನಾನು ಈ ಕಡೆಯ ಗಾಜಿನೊಳಗಿಂದ ನೋಡುತ್ತಾ ನಿಂತೆ. ಒಂದು ಕನ್ನಡಕದಂಗಡಿಗೆ ಇದಕ್ಕಿಂತ ದೊಡ್ಡ ಅವಮಾನವಿದ್ದರೆ ಅದನ್ನು ನನ್ನ ಗಮನಕ್ಕೆ ತರುವುದು.

ಸಂಜೆ ಆ ಮನುಷ್ಯ ರಸ್ತೆ ದಾಟಿ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತು ತನ್ನ ಕನ್ನಡಕ ಒರೆಸಿದ. 'ಚೌಕುಳಿ ಗೆರೆಯ ಕಾಗದ ತೋರಿಸಿದೆ, ನಡುವೆ ಗೆರೆಗಳೆಲ್ಲಾ ಬಳುಕ್ತಿವೆ ಅಂದ್ರು. ಕನ್ನಡಕ ಬೇಡ, ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ ಅಂದೆ. ಹೂಂ ಅಂದ್ರು, ಹೋಗೋ ಥರ ಕಾಣಲಿಲ್ಲ. ಬಲವಂತವಾಗಿ ಒಂದು ಕನ್ನಡಕ ಮಾಡಿಸ್ಕೊಂಡು ಹೋದ್ರು. ನಾನು ಹೇಳಿದೆ ಅಂತ ಹೇಳಬೇಡಿ, ಮಾತು ಕೊಟ್ಟಿದೀನಿ' ಎಂದು ಹೇಳಿ ಹೋದ. ಅವನ ಬೋರ್ಡಿನ ಬಗ್ಗೆ ನಾನು ಇನ್ನು ಮಾತಾಡುವುದಿಲ್ಲ.

ಅಮ್ಮ ಆಸ್ಪತ್ರೆಗೆ ಹೋಗಿಲ್ಲ. ಆ ಕಂದು ಫ್ರೇಮಿನ ಕನ್ನಡಕವನ್ನು ನನ್ನ ಕಣ್ಣಿಗೆ ಬೀಳದಂತೆ ಹೊಲಿಗೆಯ ಡಬ್ಬಿಯಲ್ಲಿ ಮುಚ್ಚಿಟ್ಟು, ನಾನು ಕೆಳಗಿಳಿದ ಮೇಲೆ ಹಾಕಿಕೊಂಡು ಹಳಿ ಹಾಕುತ್ತಿದ್ದಾರೆ. ನಿನ್ನೆ ತಮ್ಮ ಪಕ್ಕ ನಿಂತು, 'ಕನ್ನಡಕ ಹಾಕಿದ್ರೂ ಬಗ್ಗಿದ ಹಾಗೇ ಕಾಣತ್ತೆ ಹುಲ್ಲಪ್ಪನೋರೇ, ಏನು ಮಾಡಲಿ ಹೇಳಿ' ಎಂದು ಕೇಳಿದರು. ನಾನು ಬಟ್ಟೆ ಕೈಗೆತ್ತಿಕೊಂಡೆ. ದಪ್ಪ ಗಂಟಲು ಬರಲಿಲ್ಲ. ಬಟ್ಟೆ ಕೆಳಗಿಟ್ಟೆ. ನನಗೆ ಭಯವಾಗಿದೆ, ಹುಲ್ಲಪ್ಪನವರೇ. ಇದನ್ನು ತಮ್ಮನ್ನು ಬಿಟ್ಟು ಇನ್ಯಾರಿಗೂ ಹೇಳಿಲ್ಲ, ಈ ವಿಷಯದಲ್ಲಿ ನಾನೂ ನನ್ನ ಅಮ್ಮನ ಮಗಳೇ.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ, ಯಾವುದನ್ನೂ ತಾವು ಈಡೇರಿಸಲಾರಿರಿ ಎಂದು ತಿಳಿದೇ ಇಡುತ್ತಿದ್ದೇನೆ. ಮೊದಲನೆಯದಾಗಿ, ಇಂದು ಮಧ್ಯಾಹ್ನ ಹಳಿ ಹಾಕಲು ಬರುವವರು ಈ ಗೋಡೆಯ ಮುಂದೆ ನಿಂತಾಗ, ತಾವು ದಯಮಾಡಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು, ತಮ್ಮ ಟೋಪಿ ಮೂರು ಸಾಲನ್ನು ಮರೆಮಾಡುತ್ತಿದೆ; ಈ ಜಾಗವೂ ಈ ದಪ್ಪ ಅಕ್ಷರಗಳೂ ಅವರಿಗಾಗಿಯೇ. ತಮ್ಮೊಳಗೆ ಇಷ್ಟು ದಿನ ಕಿವಿಯಾಗಿದ್ದವಳು ಯಾರು, ಬಟ್ಟೆ ಅಡ್ಡ ಹಿಡಿದು ಮಾತಾಡಿದವಳು ಯಾರು ಎಂದು ತಿಳಿದು ಅವರು ರೇಗಿದರೆ, ಆ ಬೈಗುಳವನ್ನು ತಾವು ಎಂದಿನಂತೆ ತುಟಿಪಿಟಕ್ಕೆನ್ನದೆ ಕೇಳಿಸಿಕೊಳ್ಳಬೇಕು. ಅಷ್ಟೂ ನನಗೆ ಮುಟ್ಟುತ್ತದೆ.

ಹಳಿಯನ್ನು ನಾನು ಇಂದು ಬೆಳಗ್ಗೆ ನೆಟ್ಟಗೆ ಮಾಡಿಲ್ಲ ಎಂದು ಅವರಿಗೆ ತಿಳಿಸಬೇಕು. ಇನ್ನು ಮುಂದೆಯೂ ಮಾಡುವುದಿಲ್ಲ. ಅದು ಅವರ ಕೆಲಸ, ಅವರದ್ದಾಗಿಯೇ ಇರುತ್ತದೆ, ಯಾರೂ ಕಿತ್ತುಕೊಳ್ಳುವುದಿಲ್ಲ. ಗಾಡಿಗಳು ಆ ಬಯಲಿನಲ್ಲಿ ನಿಧಾನವಾಗಿ ಹೋಗಬೇಕೆಂದು ನಾನೇ ಫಲಕ ನೆಟ್ಟಿದ್ದೇನೆ. ಕಲಂ ಅವರು ಯಾವ ಕಲಂ ಪ್ರಕಾರ ಎಂದು ಕೇಳಿದರೆ, ಸರ್ವರ್ ನನ್ನ ಮೇಜಿನ ಕೆಳಗಿದೆ ಎಂಬ ಕಲಂ ಪ್ರಕಾರ.

ನಾಳೆ ಬೆಳಗ್ಗೆ ದೊಡ್ಡಾಸ್ಪತ್ರೆಯಲ್ಲಿ ಸರದಿ ಹಿಡಿದಿದ್ದೇನೆ. ಅಂಗಡಿಗೆ ರಜೆಯ ಬೋರ್ಡು ಹಾಕಿದ್ದೇನೆ. ಗೋಡೆಯ ಮೇಲಿನ ಅಕ್ಷರದ ಪಟವನ್ನು ತೆಗೆದು ಹೊಸದು ಹಾಕಿದ್ದೇನೆ, ಅದು ಇನ್ನೂ ಯಾರಿಗೂ ಬಾಯಿಪಾಠವಾಗಿಲ್ಲ. ಅಟ್ಟದಿಂದ ಹೊಲಿಗೆ ಯಂತ್ರವನ್ನೂ ಇಳಿಸಿದ್ದೇನೆ, ಎಣ್ಣೆ ಬಿಡುವ ಕೆಲಸ ಬಾಕಿಯಿದೆ, ಎಲ್ಲಿಗೆ ಬಿಡಬೇಕೆಂದು ನನಗೆ ಗೊತ್ತಿಲ್ಲ, ಗೊತ್ತಿರುವವರು ಬಂದು ತೋರಿಸಬೇಕು.

ಕೊನೆಯದಾಗಿ, ಇಂದೊಂದು ದಿನ ತಾವು ಮಲಗಿ. ಹಾಸಿಗೆಯನ್ನು ನೀರಿನ ತೊಟ್ಟಿಯ ಪಕ್ಕದಲ್ಲೇ ಹಾಸಿದ್ದೇನೆ. ಕಾಯುತ್ತಿರುವವರಿಗೆಲ್ಲಾ ಬೇಗ ಬೆಳಗಾಗಲಿ.

ಇಂತು,
ತಮ್ಮನ್ನು ಮಾಡಿದವಳೂ ತಮ್ಮೆದುರು ಸೋತವಳೂ ಆದ
ತಮ್ಮ ವಿಶ್ವಾಸಿ,
ಸರ್ವರಕ್ಕ

ತಾ.ಕ.: ಎದುರಂಗಡಿಯ ಆ ಕಂದು ಫ್ರೇಮಿನ ಎಡಗಡೆಯ ಕಡ್ಡಿ ಸಡಿಲವಿದೆ, ತಂದರೆ ಬಿಗಿಮಾಡಿ ಕೊಡಲಾಗುವುದು, ಅದು ಹಾಕಿಕೊಂಡವರಿಗೆ ಒಪ್ಪುವುದಿಲ್ಲ, ಹುಲ್ಲಪ್ಪನವರಿಗೆ ಒಪ್ಪೀತು ಎಂಬುದು ಈ ಅಂಗಡಿಯ ನಮ್ರ ಅಭಿಪ್ರಾಯ. ಮತ್ತು ಎಂದಿನಂತೆ ಒಲೆಯ ಮೇಲೆ ಹಾಲಿಟ್ಟು ಇಲ್ಲಿಗೆ ಬಂದು ನಿಂತು ಇದನ್ನು ಓದುತ್ತಿರುವವರ ಗಮನಕ್ಕೆ: ಮೇಲೆ ಬಂದು ಹಾಲನ್ನು ನಾನು ಇಳಿಸಿದ್ದೇನೆ, ಅವರು ಕೂತ ಕುರ್ಚಿಯ ಹಿಂದೆಯೇ ನಿಂತಿದ್ದೇನೆ. ನಿಧಾನವಾಗಿ ಓದಿ ಮುಗಿಸಲಿ.